ಗ್ರಾಫೈಟಿಂದ ಗ್ರಾಫೀನ್ ಎಬ್ಬಿಸೋದು: ಟೇಪು, ಆಸಿಡ್ಡು, ಮಿಕ್ಸಿ, ಕರೆಂಟು

ಗ್ರಾಫೀನ್ ಅಂದ್ರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ಅದರ ಬಗ್ಗೆ ಬರೋ ಬರಹಗಳು ಹೆಚ್ಚುಕಮ್ಮಿ ಒಂದೇ ಥರ ಶುರುವಾಗ್ತವೆ, ಸ್ಟೀಲಿಗಿಂತ 200 ಪಟ್ಟು ಗಟ್ಟಿ, ನಾಳೆ ಬ್ಯಾಟರಿಗೆ ಬರತ್ತೆ, ನಾಡಿದ್ದು ಸಮುದ್ರದ ನೀರನ್ನ ಕುಡಿಯೋ ನೀರು ಮಾಡತ್ತೆ ಅಂತ. ಆ 200 ಪಟ್ಟು ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಸಿಗೋದು 2008ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಮಾಡಿದ ಒಂದು ಅಳತೆ. ಒಂದೂವರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅಗಲದ ತೂತಿನ ಮೇಲೆ ಒಂದೇ ಒಂದು ಪದರದ ಗ್ರಾಫೀನ್ ಹಾಸಿ, ಸೂಜಿಮೊನೆಯಿಂದ ಒತ್ತಿ ಒತ್ತಿ ಹರಿದು ನೋಡಿದ್ರು, ಸುಮಾರು 130 ಗಿಗಾಪಾಸ್ಕಲ್ ತನಕ ತಡ್ಕೊಳ್ತು. ಆ ಹಾಳೆನ ಟೇಪ್ ಹಚ್ಚಿ ಗ್ರಾಫೈಟಿಂದ ಕಿತ್ತಿದ್ರು. ಈಗ ಅಂಗಡೀಲಿ ಗ್ರಾಫೀನ್ ಅಂತ ಡಬ್ಬಿಯಲ್ಲಿ ಕಪ್ಪು ಪೌಡರ್ ಬರತ್ತಲ್ಲ, ಅದಕ್ಕೂ ಈ ಅಂಕಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ, ಯಾಕಂದ್ರೆ ಅದನ್ನ ಎಬ್ಬಿಸಿದ ದಾರಿನೇ ಬೇರೆ, ದಾರಿ ಬೇರೆ ಆದ್ರೆ ಕೈಗೆ ಸಿಗೋ ವಸ್ತುನೂ ಬೇರೆ. ನಾನು ಕೆಲಸ ಮಾಡೋ ಲ್ಯಾಬಲ್ಲಿ ದಿನಾ ಇದೇ ಗ್ರಾಫೈಟು ಗ್ರಾಫೀನುಗಳ ಜೊತೆ ಇರೋದ್ರಿಂದ ಇದನ್ನ ಸ್ವಲ್ಪ ಬಿಡಿಸಿ ಬರೀಬೇಕು ಅಂತ ತುಂಬ ದಿನದಿಂದ ಅನ್ನಿಸ್ತಿತ್ತು.

ಮೊದಲು ಗ್ರಾಫೈಟಿಗೆ ಬರೋಣ. ಗ್ರಾಫೈಟ್ ಅಂದ್ರೆ ಕಾರ್ಬನ್ ಹಾಳೆಗಳ ಅಟ್ಟಿ. ಒಂದು ಹಾಳೆಯೊಳಗೆ ಪ್ರತಿ ಕಾರ್ಬನ್ ಪಕ್ಕದ ಮೂರು ಕಾರ್ಬನ್ ಜೊತೆ ಬಿಗಿಯಾಗಿ ಕಟ್ಕೊಂಡಿರತ್ತೆ, ಅಲ್ಲಿ ಅಂತರ 0.142 ನ್ಯಾನೋಮೀಟರ್. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅಂತರ 0.335 ನ್ಯಾನೋಮೀಟರ್, ಅಲ್ಲಿ ಅಂಥ ಬಂಧ ಇಲ್ಲ, ಇರೋದು ವಾನ್ ಡರ್ ವಾಲ್ಸ್ ಸೆಳೆತ ಮಾತ್ರ. ಲೆಕ್ಕ ಹಾಕಿದ್ರೆ ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟ್ ಚೂರಲ್ಲಿ ಸುಮಾರು 30 ಲಕ್ಷ ಹಾಳೆ ಇರತ್ತೆ.

ಈ ಸೆಳೆತ ದುರ್ಬಲ, ಹಾಗಾಗಿ ಪದರ ಸುಲಭವಾಗಿ ಬಿಡತ್ತೆ ಅಂತ ಪಾಠದ ಪುಸ್ತಕದಲ್ಲಿ ಓದಿರ್ತೀವಿ. ಅರ್ಧ ಮಾತ್ರ ನಿಜ. ಒಂದು ಪರಮಾಣುವಿನ ಪಾಲಿಗೆ ಆ ಸೆಳೆತ ಸುಮಾರು 50 ಮಿಲಿ ಎಲೆಕ್ಟ್ರಾನ್‌ವೋಲ್ಟ್, ರೂಮ್ ಟೆಂಪರೇಚರಿನ ಶಾಖಶಕ್ತಿಯ ಎರಡು ಪಟ್ಟು ಅಷ್ಟೆ, ಬಹಳ ಏನಲ್ಲ. ಆದ್ರೆ ಒಂದು ಚದರ ಮೈಕ್ರಾನ್ ಹಾಳೆಯಲ್ಲಿ ಪರಮಾಣುಗಳು ಇರೋದು ಸುಮಾರು 3.8 ಕೋಟಿ! ಅಷ್ಟೂ ಒಟ್ಟಿಗೆ ಅಂಟಿಕೊಂಡಿರುವಾಗ ಇಡೀ ಹಾಳೆನ ಒಂದೇ ಸಲಕ್ಕೆ ನೇರವಾಗಿ ಮೇಲೆತ್ತೋಕೆ ಹೋದ್ರೆ ಆಗಲ್ಲ. ಹಾಗಾಗಿ ಇಲ್ಲಿ ತನಕ ಜನ ಕಂಡುಹಿಡಿದ ಎಲ್ಲ ಎಕ್ಸ್‌ಫೋಲಿಯೇಷನ್ (ಪದರ ಬಿಡಿಸೋ) ದಾರಿಗಳೂ ಆ ಒಟ್ಟು ಲೆಕ್ಕವನ್ನ ಒಂದೇ ಸಲಕ್ಕೆ ತೀರಿಸದೆ ಕಂತುಕಂತಾಗಿ ತೀರಿಸೋ ಉಪಾಯಗಳು ಅಂತ ನಾನು ನೋಡ್ತೀನಿ. ಒಂದು ಅಂಚಿಂದ ಸುಲಿಯೋದು, ಇಲ್ಲ ಪಕ್ಕಕ್ಕೆ ಜಾರಿಸೋದು, ಇಲ್ಲ ಸಂದಿಗೆ ಏನಾದ್ರೂ ತೂರಿಸಿ ಅಂತರ ಹೆಚ್ಚಿಸೋದು. ಎಬ್ಬಿಸಿದ ಮೇಲೆ ಇನ್ನೊಂದು ಗೋಳು ಇದೆ, ಬಿಟ್ಟರೆ ಹಾಳೆಗಳು ಮತ್ತೆ ಒಂದಕ್ಕೊಂದು ಅಂಟ್ಕೊಂಡು ವಾಪಸ್ ಗ್ರಾಫೈಟ್ ಆಗೋಕೆ ಹೊರಡ್ತವೆ.

ಅಂಚಿಂದ ಸುಲಿಯೋದು ಅಂದ್ರೆ ಟೇಪ್. ಮ್ಯಾಂಚೆಸ್ಟರ್‌ನಲ್ಲಿ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮಾಡಿದ ಕೆಲಸ, 2004ರ ಅಕ್ಟೋಬರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, 2010ರಲ್ಲಿ ನೊಬೆಲ್. ಟೇಪ್ ಹೊಸದಲ್ಲ, ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್ ಬಳಸೋರು ಗ್ರಾಫೈಟಿನ ಮೇಲ್ಮೈ ಕ್ಲೀನ್ ಮಾಡೋಕೆ ಮುಂಚಿಂದಲೂ ಟೇಪ್ ಹಚ್ಚಿ ಕಿತ್ತು, ಆ ಟೇಪನ್ನ ಕಸದ ಬುಟ್ಟಿಗೆ ಹಾಕ್ತಿದ್ರು. ಮ್ಯಾಂಚೆಸ್ಟರಿನವರು ಆ ಟೇಪಲ್ಲಿ ಏನು ಉಳಿದಿದೆ ಅಂತ ನೋಡಿದ್ರು. ತೆಳು ಗ್ರಾಫೈಟಿಗೆ ಕೈ ಹಾಕಿದವರೂ ಇವರೇ ಮೊದಲಲ್ಲ. 1999ರಲ್ಲೇ ರಾಡ್ನಿ ರುಆಫ್ ಗುಂಪು ಗ್ರಾಫೈಟಲ್ಲಿ ಪುಟಾಣಿ ಕಂಬಗಳನ್ನ ಕೊರೆದು ಅದನ್ನ ಸಿಲಿಕಾನ್ ಮೇಲೆ ಉಜ್ಜಿ ಪದರ ಹರಡೋ ಪ್ರಯತ್ನ ಮಾಡಿತ್ತು, ಫಿಲಿಪ್ ಕಿಮ್ ಗುಂಪು ಅಂಥದ್ದೇ ಕಂಬವನ್ನ ಸೂಜಿಮೊನೆಗೆ ಅಂಟಿಸಿ ನ್ಯಾನೋ ಪೆನ್ಸಿಲ್ ಥರ ಗೀಚಿ ತುಂಬ ತೆಳುವಾದ ಗ್ರಾಫೈಟ್ ತನಕ ಬಂದಿತ್ತು.

ಹಾಗಾದ್ರೆ ಮ್ಯಾಂಚೆಸ್ಟರಲ್ಲಿ ವ್ಯತ್ಯಾಸ ಮಾಡಿದ್ದು ಏನು? ನನ್ನ ಪ್ರಕಾರ ಕೀಳೋದಕ್ಕಿಂತ ಹುಡುಕೋದು. ಒಂದು ಪದರ ಗ್ರಾಫೀನ್ ಬೆಳಕಿನ 2.3 ಪರ್ಸೆಂಟ್ ಮಾತ್ರ ಹೀರೋದು, ಗಾಜಿನ ಮೇಲಿದ್ರೆ ಸಾಮಾನ್ಯ ಮೈಕ್ರೋಸ್ಕೋಪಲ್ಲಿ ಕಾಣೋದು ಬಹಳ ಕಷ್ಟ, ಇನ್ನು ಸಾವಿರಾರು ದಪ್ಪ ಚೂರುಗಳ ನಡುವೆ ಅದೊಂದನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲೋ ಸೂಜಿಮೊನೆಯಿಂದ ಮೇಲ್ಮೈ ತಡವಿ ನೋಡೋ ಎಎಫ್‌ಎಂನಲ್ಲೋ ಹುಡುಕ್ತಾ ಕೂತ್ರೆ ಮುಗಿಯೋ ಕೆಲಸ ಅಲ್ಲ. ಆದ್ರೆ ಸಿಲಿಕಾನ್ ಮೇಲೆ 300 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡ್ ಇದ್ದಾಗ ಬೆಳಕಿನ ಇಂಟರ್‌ಫರೆನ್ಸಿಂದ ಆ ಒಂದೇ ಪದರ ಕೂಡ ತಿಳಿ ನೇರಳೆ ಛಾಯೆಯಾಗಿ ಸಾಮಾನ್ಯ ಮೈಕ್ರೋಸ್ಕೋಪಲ್ಲಿ ಕಣ್ಣಿಗೆ ಕಾಣತ್ತೆ. ಆಕ್ಸೈಡ್ 300 ಬದಲು 315 ಇದ್ದಿದ್ರೆ ಕಾಣದೇ ಹೋಗಬಹುದಿತ್ತು ಅಂತ ಗೀಮ್ ಮತ್ತು ನೊವೊಸೆಲೊವ್ ಆಮೇಲೆ ತಾವೇ ಬರೆದಿದ್ದಾರೆ. ಬರೀ 5 ಪರ್ಸೆಂಟ್ ವ್ಯತ್ಯಾಸ. ಇದನ್ನ ಓದಿದಾಗೆಲ್ಲ ನನಗೆ ಮೈ ಜುಂ ಅನ್ನತ್ತೆ.

ಟೇಪ್ ಕೆಲಸ ನೋಡೋಕೆ ಸುಲಭ, ಕೈಗೆ ಹತ್ತೋಕೆ ಟೈಮ್ ಬೇಕು. ಒಳ್ಳೆ ನೈಸರ್ಗಿಕ ಗ್ರಾಫೈಟ್ ಫ್ಲೇಕ್ ತಗೊಂಡು ಟೇಪ್ ಮೇಲಿಟ್ಟು, ಮಡಚಿ ಬಿಡಿಸಿ ಮಡಚಿ ಬಿಡಿಸಿ, ಹೊಳೆಯೋ ಚೂರುಗಳು ಮಂಕು ಬೂದಿ ಬಣ್ಣಕ್ಕೆ ತಿರುಗೋ ತನಕ ಮಾಡಬೇಕು. ಅತಿಯಾದ್ರೆ ಹಾಳೆ ಪುಡಿಪುಡಿ ಆಗತ್ತೆ. ಆಮೇಲೆ ಸಿಲಿಕಾನ್ ಚಿಪ್ಪನ್ನ ಆಕ್ಸಿಜನ್ ಪ್ಲಾಸ್ಮಾದಲ್ಲಿ ಕ್ಲೀನ್ ಮಾಡಿ, ತಕ್ಷಣ ಟೇಪ್ ಒತ್ತಿ, ಸುಮಾರು 100 ಡಿಗ್ರಿ ಹಾಟ್‌ಪ್ಲೇಟಲ್ಲಿ ಒಂದೆರಡು ನಿಮಿಷ ಇಟ್ಟು ತಣಿಸಿ ನಿಧಾನಕ್ಕೆ ಎಳೆದ್ರೆ ಫ್ಲೇಕ್‌ಗಳು ಗಣನೀಯವಾಗಿ ದೊಡ್ಡದು ಸಿಗ್ತವೆ, ಬಿಸಿ ಮಾಡಿದಾಗ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ ಆಚೆ ಹೋಗಿ ಗ್ರಾಫೈಟ್ ಚಿಪ್ಪಿಗೆ ಸಮವಾಗಿ ಕೂರತ್ತೆ. ಎಳೆಯೋವಾಗ ಅವಸರ ಮಾಡಬಾರದು, ಇದನ್ನ ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದ್ರೂ ಸಾಲದು. ಆಮೇಲೆ ಮೈಕ್ರೋಸ್ಕೋಪ್ ಮುಂದೆ ಗಂಟೆಗಟ್ಟಲೆ.

ಸಿಗೋದು ಹತ್ತಿಪ್ಪತ್ತು ಮೈಕ್ರಾನಿನ ತುಣುಕು, ಅದೃಷ್ಟ ಇದ್ರೆ ಇನ್ನೂ ದೊಡ್ಡದು. ಗ್ರಾಂ ಲೆಕ್ಕದಲ್ಲಿ ಹೇಳೋಕೆ ಹೋದ್ರೆ ಏನೂ ಇಲ್ಲ. ಆದ್ರೆ ಇಷ್ಟು ದೋಷ ಕಮ್ಮಿ ಇರೋ ಗ್ರಾಫೀನ್ ಬೇರೆ ದಾರಿಯಲ್ಲಿ ಸಿಗೋದು ಅಪರೂಪ, ಅದಕ್ಕೇ ಭೌತಶಾಸ್ತ್ರದವರು ಇವತ್ತಿಗೂ ಟೇಪ್ ಬಿಟ್ಟಿಲ್ಲ. 2018ರಲ್ಲಿ ಎಂಐಟಿಯ ಪಾಬ್ಲೊ ಹರಿಯೊ-ಹೆರೆರೊ ಗುಂಪು ಎರಡು ಗ್ರಾಫೀನ್ ಹಾಳೆಗಳನ್ನ ಸುಮಾರು 1.1 ಡಿಗ್ರಿ ತಿರುಗಿಸಿ ಇಟ್ಟು ಸೂಪರ್‌ಕಂಡಕ್ಟಿವಿಟಿ (ತಡೆಯೇ ಇಲ್ಲದೆ ಕರೆಂಟು ಹರಿಯೋದು) ತೋರಿಸ್ತಲ್ಲ, ಆ ಹಾಳೆಗಳೂ ಹೀಗೇ ಕಿತ್ತಿದ್ದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಜಯ್ ಸೂದ್ ಗುಂಪು 2008ರಲ್ಲಿ ಗ್ರಾಫೀನ್ ಟ್ರಾನ್ಸಿಸ್ಟರಿಗೆ ವೋಲ್ಟೇಜ್ ಕೊಟ್ಟು ಚಾರ್ಜ್ ಏರಿಸ್ತಾ ಅದರ ರಾಮನ್ ರೋಹಿತ (ಲೇಸರ್ ಬಿಟ್ಟಾಗ ಚದುರಿ ಬರೋ ಬೆಳಕಿನ ಗ್ರಾಫ್) ಹೇಗೆ ಬದಲಾಗತ್ತೆ ಅಂತ ತೋರಿಸಿದ ಕೆಲಸ ಇದೆ, ಅದರ ಬುಡದಲ್ಲೂ ಇದೇ ಯಾಂತ್ರಿಕ ಸುಲಿತ.

ಈಗ ಪೂರ್ತಿ ವಿರುದ್ಧ ತುದಿಗೆ ಹೋಗೋಣ, ಆಸಿಡ್. ಇದು ಟೇಪಿಗಿಂತ ಎಷ್ಟೋ ಹಳೇದು. 1840ರಲ್ಲೇ ಶಾಫ್‌ಹಾಯ್ಟಲ್ ಅನ್ನೋ ಜರ್ಮನ್ ವಿಜ್ಞಾನಿ ಗ್ರಾಫೈಟಿನ ಸಂದಿಗೆ ಸಲ್ಫ್ಯೂರಿಕ್ ಆಸಿಡ್ ತೂರಿಸಿ ಅದು ಉಬ್ಬೋದನ್ನ ಬರೆದಿಟ್ಟಿದ್ದ. 1859ರಲ್ಲಿ ಬೆಂಜಮಿನ್ ಬ್ರೋಡಿ ಪೊಟ್ಯಾಸಿಯಂ ಕ್ಲೋರೇಟ್ ಮತ್ತೆ ಹೊಗೆಯಾಡೋ ನೈಟ್ರಿಕ್ ಆಸಿಡ್ ಹಾಕಿ ಗ್ರಾಫೈಟ್ ಆಕ್ಸೈಡ್ ಮಾಡಿದ, 1898ರಲ್ಲಿ ಸ್ಟಾಡೆನ್‌ಮಯರ್ ಅದನ್ನ ತಿದ್ದಿದ, 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಸಲ್ಫ್ಯೂರಿಕ್ ಆಸಿಡ್, ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ಪರ್ಮಾಂಗನೇಟ್ ಸೂತ್ರ ಕೊಟ್ರು. ನಮ್ಮ ಕಾಲೇಜುಗಳಲ್ಲಿ ಹಮ್ಮರ್ಸ್ ಮೆಥಡ್ ಅಂತ ಎಲ್ಲರ ಬಾಯಲ್ಲೂ ಇರೋದು ಇದೇ. 2010ರಲ್ಲಿ ರೈಸ್ ಯೂನಿವರ್ಸಿಟಿಯ ಜೇಮ್ಸ್ ಟೂರ್ ಗುಂಪು ನೈಟ್ರೇಟ್ ಕೈಬಿಟ್ಟು ಸಲ್ಫ್ಯೂರಿಕ್ಕಿಗೆ 9ಕ್ಕೆ 1ರಂತೆ ಫಾಸ್ಫರಿಕ್ ಆಸಿಡ್ ಸೇರಿಸಿತು, ವಿಷಗಾಳಿ ಬರೋದು ನಿಲ್ತು. ಈಗ ಶುರು ಮಾಡೋರು ಇದನ್ನೇ ಮಾಡೋದು ಒಳ್ಳೇದು.

ಒಳಗೆ ನಡೆಯೋದೇನಂದ್ರೆ ಆಸಿಡ್ ಸಂದಿಗೆ ನುಗ್ಗತ್ತೆ, ಪರ್ಮಾಂಗನೇಟ್ ಹಾಳೆಯ ಮೇಲೆ ಅಂಚಲ್ಲಿ ಎಲ್ಲ ಕಡೆ ಆಕ್ಸಿಜನ್ ಗುಂಪುಗಳನ್ನ ಕೂರಿಸತ್ತೆ, 0.335 ಇದ್ದ ಅಂತರ 0.7, 0.8ರ ಮೇಲೆ ಹೋಗತ್ತೆ. ಆಮೇಲೆ ನೀರಿಗೆ ಹಾಕಿ ಸ್ವಲ್ಪ ಸೋನಿಕೇಟ್ ಮಾಡಿದ್ರೂ, ಅಂದ್ರೆ ಅಲ್ಟ್ರಾಸೌಂಡಿಂದ ಅಲುಗಿಸಿದ್ರೂ ಸಾಕು, ಹಾಳೆಗಳು ತಾವಾಗೇ ಬಿಟ್ಕೊಳ್ತವೆ, ಅದರಲ್ಲಿ ಬಹುಪಾಲು ಒಂಟಿ ಪದರ. ಗ್ರಾಂಗಟ್ಟಲೆ ಸಿಗತ್ತೆ. ರಿಯಾಕ್ಷನ್ ನಿಲ್ಲಿಸೋಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಕ್ಷಣ ಆ ಕೆಸರಿನ ಥರದ ಕಂದು ದ್ರವ ಝಗ್ಗಂತ ಹಳದಿಗೆ ತಿರುಗೋದು ನೋಡೋಕೆ ಬಹಳ ಚೆಂದ.

ಆದ್ರೆ ಇದು ಗ್ರಾಫೀನ್ ಅಲ್ಲ. ಗ್ರಾಫೀನ್ ಆಕ್ಸೈಡ್. ಕರೆಂಟು ಹರಿಯಲ್ಲ. ಹೈಡ್ರಜೀನ್ ಹಾಕಿ, ಇಲ್ಲ ವಿಟಮಿನ್ ಸಿ ಹಾಕಿ, ಇಲ್ಲ ಬಿಸಿ ಮಾಡಿ ಆಕ್ಸಿಜನ್ ತೆಗೀಬಹುದು, ಆಗ ಸಿಗೋದನ್ನ ರೆಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್ ಅಂತಾರೆ, ಕರೆಂಟು ಹರಿಯೋಕೆ ಶುರುವಾಗತ್ತೆ, ಆದ್ರೆ ಆಕ್ಸಿಜನ್ ಹೋಗೋವಾಗ ಕಾರ್ಬನ್ನನ್ನೂ ಜೊತೆಗೆ ಎಳ್ಕೊಂಡು ಅನಿಲವಾಗಿ ಹೋಗಿರತ್ತೆ, ಅಲ್ಲೆಲ್ಲ ತೂತು. ಆ ತೂತು ಮತ್ತೆ ಮುಚ್ಚಲ್ಲ. ಸೂಪರ್‌ಕೆಪಾಸಿಟರಿಗೆ, ಸೆನ್ಸರಿಗೆ, ನೀರು ಸೋಸೋ ಪೊರೆಗೆ ಇದು ಚೆನ್ನಾಗೇ ಆಗತ್ತೆ, ಕೆಲವು ಕಡೆ ಆ ಆಕ್ಸಿಜನ್ ಗುಂಪುಗಳೇ ಬೇಕಾಗಿರತ್ತೆ. ನನ್ನ ತಕರಾರು ಇದನ್ನ ಬರೀ ಗ್ರಾಫೀನ್ ಅಂತ ಕರೆದು ಟೇಪಿನ ಅಂಕಿಗಳನ್ನ ಇದರ ಪಕ್ಕ ಬರೆಯೋದಕ್ಕೆ.

ಇಲ್ಲೇ ಎರಡು ಮಾತು ಗಟ್ಟಿಯಾಗಿ ಹೇಳಬೇಕು, ಯಾಕಂದ್ರೆ ಇದನ್ನ ಮಾಡೋರಲ್ಲಿ ಎಂಎಸ್ಸಿ ಮಕ್ಕಳೇ ಜಾಸ್ತಿ. ಪರ್ಮಾಂಗನೇಟನ್ನ ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡಿಗೆ ಹಾಕಿದಾಗ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಅನ್ನೋದು ಹುಟ್ಟತ್ತೆ, ಅದು 55 ಡಿಗ್ರಿ ದಾಟಿದ್ರೆ ಸಿಡಿಯೋ ವಸ್ತು. ಐಸ್ ಬಾತ್ ಇರಬೇಕು, ಒಂದೊಂದು ಚಿಟಿಕೆ ಹಾಕಬೇಕು, ಥರ್ಮಾಮೀಟರ್ ಒಳಗೇ ಇರಬೇಕು, ಊಟದ ಟೈಮಾಯ್ತು ಅಂತ ಒಮ್ಮೆಗೇ ಸುರಿಯೋದು ಅಂದ್ರೆ ಜೀವದ ಜೊತೆ ಆಟ. ಎರಡನೇದು, ತೊಳೆಯೋದು. ಯಾವ ಪೇಪರಲ್ಲೂ ಇದಕ್ಕೆ ಒಂದು ಸಾಲಿಗಿಂತ ಜಾಸ್ತಿ ಜಾಗ ಸಿಗಲ್ಲ, ಲ್ಯಾಬಲ್ಲಿ ಅರ್ಧಕ್ಕರ್ಧ ಟೈಮು ಹೋಗೋದು ಇಲ್ಲೇ, ಮೊದಲೆರಡು ಸಲ ಚೆನ್ನಾಗಿ ತಳಕ್ಕೆ ಕೂರತ್ತೆ, ಆಮೇಲೆ ಆಸಿಡ್ ಕಮ್ಮಿ ಆಗ್ತಾ ಆಗ್ತಾ ಗ್ರಾಫೀನ್ ಆಕ್ಸೈಡ್ ನೀರು ಕುಡಿದು ಜೆಲ್ ಥರ ಊದ್ಕೊಂಡು ಸೆಂಟ್ರಿಫ್ಯೂಜಲ್ಲೂ (ಜೋರಾಗಿ ತಿರುಗಿಸಿ ಭಾರದ್ದನ್ನ ತಳಕ್ಕಿಳಿಸೋ ಯಂತ್ರ) ಕೂರಲ್ಲ, ಫಿಲ್ಟರ್ ಪೇಪರಲ್ಲೂ ಇಳಿಯಲ್ಲ. ಆ ತೊಳೆದ ನೀರೆಲ್ಲ ಆಸಿಡ್ ಮತ್ತು ಮ್ಯಾಂಗನೀಸ್ ತುಂಬಿದ ನೀರು, ಅದನ್ನ ಸಿಂಕಿಗೆ ಚೆಲ್ಲೋದನ್ನ ನಾನು ಕಣ್ಣಾರೆ ನೋಡಿದ್ದೀನಿ, ಹೊಟ್ಟೆ ಉರಿಯತ್ತೆ. ಪರಿಸರಸ್ನೇಹಿ ವಸ್ತು ಅಂತ ಪೋಸ್ಟರ್ ಹಾಕೋ ಮುಂಚೆ ಆ ನೀರನ್ನ ನ್ಯೂಟ್ರಲೈಸ್ ಮಾಡಿ ಸರಿಯಾಗಿ ವಿಲೇವಾರಿ ಮಾಡಬೇಕು.

ಆಸಿಡ್ ಹಾಕದೆ, ಹಾಳೆ ಕೆಡಿಸದೆ, ಟೇಪಿಗಿಂತ ಜಾಸ್ತಿ ಮಾಡೋಕಾಗಲ್ವಾ ಅಂತ ಕೇಳಿದವರು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್‌ಮನ್ ಗುಂಪಿನವರು. 2008ರ ಅವರ ಪೇಪರಿನ ಯೋಚನೆ ಬಹಳ ಸರಳ. ಗ್ರಾಫೀನಿನ ಮೇಲ್ಮೈ ಶಕ್ತಿಗೆ ಹೊಂದೋ ಮೇಲ್ಮೈ ಶಕ್ತಿ ಇರೋ ದ್ರಾವಕ ಹುಡುಕಿದ್ರೆ, ಹಾಳೆಗೆ ಇನ್ನೊಂದು ಹಾಳೆ ಜೊತೆ ಇರೋದೂ ಒಂದೇ ದ್ರಾವಕದ ಜೊತೆ ಇರೋದೂ ಒಂದೇ ಆಗತ್ತೆ, ಆಗ ಬಿಡಿಸೋಕೆ ಬೇಕಾದ ಶಕ್ತಿ ಬಹಳ ಕಮ್ಮಿ ಆಗತ್ತೆ, ಬಿಟ್ಟ ಹಾಳೆ ಮತ್ತೆ ಅಂಟಲ್ಲ. ಎನ್‌ಎಂಪಿ ಅನ್ನೋ ದ್ರಾವಕ ಹೊಂದ್ತು. ಗ್ರಾಫೈಟ್ ಪುಡಿ ಹಾಕಿ ಸೋನಿಕೇಟ್ ಮಾಡಿದ್ರೆ ಅಲ್ಟ್ರಾಸೌಂಡಿಂದ ಹುಟ್ಟೋ ಗುಳ್ಳೆಗಳು ಒಡೆಯೋ ಹೊಡೆತಕ್ಕೆ ಪದರ ಬಿಡತ್ತೆ, ಸೆಂಟ್ರಿಫ್ಯೂಜಲ್ಲಿ ದಪ್ಪ ಚೂರು ಕೆಳಗೆ ಹೋಗತ್ತೆ, ಮೇಲೆ ಉಳಿಯೋ ಬೂದು ದ್ರವದಲ್ಲಿ ಗ್ರಾಫೀನ್. ಆವಾಗ ಸಿಕ್ಕಿದ್ದು ಒಂದು ಮಿಲಿಲೀಟರಿಗೆ 0.01 ಮಿಲಿಗ್ರಾಂ, ಅಂದ್ರೆ ಒಂದು ಲೀಟರ್ ದ್ರಾವಕಕ್ಕೆ 10 ಮಿಲಿಗ್ರಾಂ, ಒಂಟಿ ಪದರದ ಇಳುವರಿ ತೂಕದಲ್ಲಿ 1 ಪರ್ಸೆಂಟಿನ ಆಸುಪಾಸು. ಕಮ್ಮಿ ಅನ್ನಿಸಬಹುದು, ಆದ್ರೆ ಆಕ್ಸಿಡೈಸ್ ಆಗದ ಗ್ರಾಫೀನ್ ಬಾಟಲಿಯಲ್ಲಿ ಇಟ್ಕೊಂಡು ಇಂಕ್ ಥರ ಬಳಿಯಬಹುದು ಅನ್ನೋದೇ ದೊಡ್ಡ ವಿಷಯ ಆಗಿತ್ತು.

ಎನ್‌ಎಂಪಿ ಜೊತೆ ಬಾಳೋದು ಸುಲಭ ಅಲ್ಲ. 200 ಡಿಗ್ರಿ ದಾಟಿದ ಮೇಲೆ ಕುದಿಯೋದು, ಫಿಲ್ಮ್ ಮಾಡಿದ ಮೇಲೆ ಪೂರ್ತಿ ಹೋಗಲ್ಲ, ಗರ್ಭದಲ್ಲಿರೋ ಮಗುವಿಗೆ ಹಾನಿ ಮಾಡೋ ದ್ರಾವಕ ಅಂತ ಗುರುತಿಸಿದ್ದಾರೆ. ನೀರು ಬಳಸೋಣ ಅಂದ್ರೆ ಅದರ ಮೇಲ್ಮೈ ಎಳೆತ ಗ್ರಾಫೀನಿಗೆ ಹೊಂದಲ್ಲ, ಅದಕ್ಕೆ ಸರ್ಫ್ಯಾಕ್ಟೆಂಟ್ ಹಾಕ್ತಾರೆ, ಸೋಡಿಯಂ ಕೋಲೇಟ್ ಥರದ್ದು. ಆಮೇಲೆ ಆ ಸೋಪಿನಂಶ ತೊಳೆದು ತೆಗೆಯೋದು ಇನ್ನೊಂದು ಕೆಲಸ. ಸೋನಿಕೇಷನ್ ಜಾಸ್ತಿ ಹೊತ್ತು ಮಾಡಿದಷ್ಟೂ ಹಾಳೆ ಬಿಡೋ ಜೊತೆಗೆ ಹರೀತಾನೂ ಹೋಗತ್ತೆ, ಕೊನೆಗೆ ಉಳಿಯೋದು ಹೆಚ್ಚಾಗಿ ಮೈಕ್ರಾನಿಗಿಂತ ಸಣ್ಣ ಚೂರುಗಳು.

2014ರಲ್ಲಿ ಅದೇ ಗುಂಪು ಜಾರಿಸೋ ದಾರಿ ಹಿಡೀತು. ಇಸ್ಪೀಟ್ ಕಟ್ಟನ್ನ ಮೇಲಿಂದ ಎತ್ತಿ ಬಿಡಿಸೋದಕ್ಕಿಂತ ಅಂಗೈಯಲ್ಲಿ ಪಕ್ಕಕ್ಕೆ ತಳ್ಳಿದ್ರೆ ಹೇಗೆ ಎಲೆಗಳು ಜಾರಿ ಹರಡ್ಕೊಳ್ತವೋ ಹಾಗೆ, ದ್ರವದ ರಭಸ ಗ್ರಾಫೈಟಿನ ಪದರಗಳನ್ನ ಪಕ್ಕಕ್ಕೆ ಜಾರಿಸತ್ತೆ. ಅವರು ಕಂಡುಕೊಂಡ ಮುಖ್ಯ ವಿಷಯ ಏನಂದ್ರೆ ಶಿಯರ್ ರೇಟ್, ಅಂದ್ರೆ ದ್ರವದ ಪದರಗಳು ಒಂದರ ಮೇಲೊಂದು ಎಷ್ಟು ರಭಸವಾಗಿ ಜಾರ್ತವೆ ಅನ್ನೋ ಅಳತೆ, ಸೆಕೆಂಡಿಗೆ 10,000 ದಾಟಬೇಕು, ದಾಟಿದ್ರೆ ಪದರ ಬಿಡತ್ತೆ. ಆ ಮಟ್ಟ ಮುಟ್ಟೋಕೆ ದುಬಾರಿ ಮೆಷಿನ್ ಬೇಡ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ನೀರಲ್ಲಿ ಅಡುಗೆಮನೆ ಬ್ಲೆಂಡರ್ ತಿರುಗಿಸಿದ್ರೂ ಆಗತ್ತೆ ಅಂತ ತೋರಿಸಿದ್ರು, ದೊಡ್ಡ ಮಿಕ್ಸರಲ್ಲಿ ನೂರಾರು ಲೀಟರ್ ತನಕ. ಇಳುವರಿ ಕಮ್ಮಿನೇ, ಹಾಕಿದ ಗ್ರಾಫೈಟಲ್ಲಿ ಬಹುಪಾಲು ಹಾಗೇ ಉಳಿಯತ್ತೆ, ಆದ್ರೆ ಉಳಿದಿದ್ದನ್ನ ಮತ್ತೆ ಹಾಕಬಹುದು. ಈ ಸುದ್ದಿ ಬಂದ ಮೇಲೆ ಮನೆ ಮಿಕ್ಸಿಯಲ್ಲಿ ಗ್ರಾಫೀನ್ ಅನ್ನೋ ವಿಡಿಯೋಗಳು ಎಲ್ಲ ಕಡೆ ಬಂದವು. ಕಪ್ಪು ನೀರು ಬಂತು ಅಂದ್ರೆ ಗ್ರಾಫೀನ್ ಆಯ್ತು ಅಂತಲ್ಲ, ಸೆಂಟ್ರಿಫ್ಯೂಜ್ ಮಾಡದ ಆ ನೀರಲ್ಲಿ ಇರೋದು ಬಹುತೇಕ ಸಣ್ಣ ಗ್ರಾಫೈಟ್ ಪುಡಿ. ಮಾಡೋ ಆಸೆ ಇದ್ರೆ ಬೇರೆ ಜಾರ್ ಇಟ್ಕೊಳ್ಳಿ, ಅದರಲ್ಲಿ ಮತ್ತೆ ಚಟ್ನಿ ರುಬ್ಬಬೇಡಿ.

ನನಗೆ ವೈಯಕ್ತಿಕವಾಗಿ ತುಂಬ ಇಷ್ಟ ಆಗೋದು ಕರೆಂಟಿನ ದಾರಿ. ಗ್ರಾಫೈಟ್ ಫಾಯಿಲನ್ನ ಪಾಸಿಟಿವ್ ಕಡೆ ಕಟ್ಟಿ, ಪ್ಲಾಟಿನಂ ತಂತಿ ನೆಗೆಟಿವ್ ಕಡೆ, ಮಧ್ಯೆ ತೆಳು ಅಮೋನಿಯಂ ಸಲ್ಫೇಟ್ ನೀರು, 10 ವೋಲ್ಟ್ ಡಿಸಿ ಕೊಟ್ಟರೆ ನಿಮಿಷಗಳಲ್ಲಿ ಫಾಯಿಲ್ ಊದ್ಕೊಂಡು ಕಪ್ಪು ಪದರಗಳು ನೀರಿಗೆ ಉದುರೋಕೆ ಶುರುವಾಗತ್ತೆ. ಜರ್ಮನಿಯ ಮೈನ್ಸ್‌ನಲ್ಲಿರೋ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕ್ಲಾಸ್ ಮ್ಯುಲೆನ್ ಗುಂಪು 2014ರಲ್ಲಿ ಇದನ್ನ ವಿವರವಾಗಿ ಬರೀತು, ಸಿಕ್ಕ ಹಾಳೆಗಳಲ್ಲಿ 85 ಪರ್ಸೆಂಟಿಗಿಂತ ಜಾಸ್ತಿ ಮೂರು ಪದರ ಇಲ್ಲ ಅದಕ್ಕಿಂತ ಕಮ್ಮಿ, ಅಗಲ 44 ಮೈಕ್ರಾನ್ ತನಕ. ನೀರು ಒಡೆದು ಹುಟ್ಟೋ ಹೈಡ್ರಾಕ್ಸಿಲ್ ಮೊದಲು ಅಂಚುಗಳನ್ನ ತೆರೆಯತ್ತೆ, ತೆರೆದ ಸಂದಿಗೆ ಸಲ್ಫೇಟ್ ಅಯಾನು ನೀರಿನ ಜೊತೆ ನುಗ್ಗತ್ತೆ, ಒಳಗೆ ಹೋಗಿ ಸಲ್ಫರ್ ಡೈಆಕ್ಸೈಡ್, ಆಕ್ಸಿಜನ್ ಅನಿಲವಾಗಿ ಉಬ್ಬಿ ಹಾಳೆಗಳನ್ನ ಒಳಗಿಂದಲೇ ದೂಡತ್ತೆ. ಸ್ವಲ್ಪ ಆಕ್ಸಿಡೇಷನ್ ಆಗತ್ತೆ, ಆದ್ರೆ ಹಮ್ಮರ್ಸ್ ಜೊತೆ ಹೋಲಿಸಿದ್ರೆ ಬಹಳ ಕಮ್ಮಿ. ಅದೂ ಬೇಡ ಅಂದ್ರೆ ಗ್ರಾಫೈಟನ್ನ ನೆಗೆಟಿವ್ ಕಡೆ ಕಟ್ಟಿ ಲಿಥಿಯಂ ಥರದ ಪಾಸಿಟಿವ್ ಅಯಾನುಗಳನ್ನ ತೂರಿಸ್ತಾರೆ, ಅದು ನಿಧಾನ, ನೀರಲ್ಲಿ ಆಗಲ್ಲ, ಹಾಳೆ ಮಾತ್ರ ಚೆನ್ನಾಗಿ ಉಳಿಯತ್ತೆ.

ಇದರ ತಲೆನೋವು ಅಂದ್ರೆ ಫಾಯಿಲ್ ಸಮವಾಗಿ ಬಿಡಲ್ಲ, ಪದರ ಇನ್ನೂ ಬಿಡದ ದಪ್ಪ ತುಂಡುಗಳೇ ಕಳಚಿ ಕೆಳಗೆ ಬೀಳ್ತವೆ, ಒಮ್ಮೆ ಬಿತ್ತು ಅಂದ್ರೆ ಅದಕ್ಕೆ ಕರೆಂಟಿನ ಸಂಪರ್ಕ ಇಲ್ಲ, ಅಲ್ಲಿಗೆ ಮುಗೀತು. ಪೆನ್ಸಿಲ್ ಕಡ್ಡಿ ಹಾಕಿದ್ರೆ ಆಗತ್ತಾ ಅಂತ ಕೇಳ್ತಾರೆ, ಅದರಲ್ಲಿ ಜೇಡಿಮಣ್ಣು ಬೆರೆಸಿರ್ತಾರೆ, ಒಳ್ಳೆ ಗ್ರಾಫೀನ್ ನಿರೀಕ್ಷೆ ಮಾಡಬೇಡಿ. ಅಮೋನಿಯಂ ಸಲ್ಫೇಟ್ ಸಿಗ್ಲಿಲ್ಲ ಅಂತ ಅಡುಗೆ ಉಪ್ಪು ಹಾಕೋರೂ ಇದ್ದಾರೆ, ದಯವಿಟ್ಟು ಬೇಡ, ಅಲ್ಲಿ ಕ್ಲೋರಿನ್ ಅನಿಲ ಬರತ್ತೆ.

ಯಾವ ದಾರಿಯಲ್ಲೇ ಎಬ್ಬಿಸಿ, ಬಂದಿದ್ದು ಏನು ಅಂತ ತಿಳಿಯೋಕೆ ಎಲ್ಲರೂ ಮೊದಲು ಓಡೋದು ರಾಮನ್ ಸ್ಪೆಕ್ಟ್ರೋಮೀಟರ್ ಹತ್ರ. ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತಾದಲ್ಲಿ ಕಂಡುಹಿಡಿದ ಆ ಪರಿಣಾಮ, ಆಮೇಲೆ ಬೆಂಗಳೂರಿನಲ್ಲೇ ನೆಲೆಸಿದ ಮನುಷ್ಯ, ಇವತ್ತು ಜಗತ್ತಿನ ಯಾವ ಗ್ರಾಫೀನ್ ಲ್ಯಾಬೂ ಅದಿಲ್ಲದೆ ನಡೆಯಲ್ಲ ಅನ್ನೋದು ನನಗೆ ನಿಜವಾದ ಹೆಮ್ಮೆ. ಅದರ ಗ್ರಾಫಲ್ಲಿ 1580 ಸೆಂ.ಮೀ⁻¹ ಹತ್ರ ಜಿ ಪೀಕ್, 2700ರ ಹತ್ರ 2ಡಿ ಪೀಕ್, ದೋಷ ಇದ್ರೆ 1350ರ ಹತ್ರ ಡಿ ಪೀಕ್. ಒಂಟಿ ಪದರದಲ್ಲಿ 2ಡಿ ಪೀಕ್ ಚೂಪಾಗಿ ಒಂದೇ ಆಗಿ ನಿಲ್ಲತ್ತೆ, ಗ್ರಾಫೈಟಲ್ಲಿ ಭುಜ ಇರೋ ಅಗಲ ಪೀಕ್, 2006ರಲ್ಲಿ ಆಂದ್ರೆಯಾ ಫೆರಾರಿ ಮತ್ತು ಜೊತೆಗಾರರು ಇದನ್ನ ಸ್ಪಷ್ಟ ಮಾಡಿದ್ರು. ಗ್ರಾಫೀನ್ ಆಕ್ಸೈಡಲ್ಲಿ ಡಿ ಪೀಕ್ ಜಿ ಪೀಕಿನ ಪಕ್ಕ ಅದರ ಸಮಕ್ಕೇ ಎದ್ದು ನಿಂತಿರತ್ತೆ, ಹೇಳದೇ ಗೊತ್ತಾಗತ್ತೆ.

ನಮ್ಮಲ್ಲಿಗೆ ಒಮ್ಮೆ ಗ್ರಾಫೀನ್ ಅಂತ ಲೇಬಲ್ ಹಚ್ಚಿದ ಪೌಡರ್ ಬಂತು, ಒಳ್ಳೆ ರೇಟೇ ಕೊಟ್ಟು ತರಿಸಿದ್ದು, ರಾಮನ್ ಹಾಕಿದ್ರೆ ಅಪ್ಪಟ ಗ್ರಾಫೈಟ್. ಇದು ನಮ್ಮೊಬ್ಬರ ಕಥೆ ಅಲ್ಲ. 2018ರಲ್ಲಿ ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿಯವರು ಜಗತ್ತಿನ 60 ಕಂಪನಿಗಳ ಗ್ರಾಫೀನ್ ತರಿಸಿ ಪರೀಕ್ಷೆ ಮಾಡಿದ್ರು, ಬಹುಪಾಲು ಸ್ಯಾಂಪಲ್‌ಗಳಲ್ಲಿ ಗ್ರಾಫೀನ್ ಅಂಶ 10 ಪರ್ಸೆಂಟಿಗಿಂತ ಕಮ್ಮಿ, 50 ದಾಟಿದ್ದು ಒಂದೂ ಇಲ್ಲ. ಅದೂ 10 ಪದರದ ತನಕ ಎಲ್ಲವನ್ನೂ ಗ್ರಾಫೀನ್ ಅಂತ ಉದಾರವಾಗಿ ಲೆಕ್ಕ ಹಿಡಿದು. ಗ್ರಾಫೀನ್ ಹಾಕಿ ನೋಡಿದ್ವಿ, ಕಾಂಕ್ರೀಟಿಗೆ ಏನೂ ಆಗ್ಲಿಲ್ಲ, ಬ್ಯಾಟರಿಗೆ ಏನೂ ಆಗ್ಲಿಲ್ಲ ಅಂತ ಕೈಬಿಟ್ಟ ಎಷ್ಟು ಪ್ರಯೋಗಗಳಲ್ಲಿ ಹಾಕಿದ್ದೇ ಗ್ರಾಫೈಟ್ ಆಗಿತ್ತೋ ಅಂತ ಯೋಚನೆ ಬಂದಾಗ ಬೇಜಾರಾಗತ್ತೆ.

ತಾಮ್ರದ ಹಾಳೆ ಮೇಲೆ ಮೀಥೇನ್‌ನಿಂದ ಬೆಳೆಸೋದು, ಸಿ.ಎನ್.ಆರ್. ರಾವ್ ಗುಂಪು ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಹೈಡ್ರೋಜನ್ ತುಂಬಿದ ಚೇಂಬರಲ್ಲಿ ಆರ್ಕ್ ಹೊಡೆಸಿ ಮಾಡಿದ್ದು, ಇವೆಲ್ಲ ಬೇರೆ ಕಥೆ, ಪದರ ಬಿಡಿಸೋ ದಾರಿಗಳಲ್ಲ, ಇನ್ನೊಮ್ಮೆ ಬರೀತೀನಿ.

ಕೊಳ್ಳೋರಿಗೆ ನಾನು ಹೇಳೋದು, ಯಾವ ದಾರಿಯಲ್ಲಿ ಎಬ್ಬಿಸಿದ್ದು, ಎಷ್ಟು ಪದರ ಅನ್ನೋದರ ಹಂಚಿಕೆ, ಹಾಳೆ ಎಷ್ಟು ಅಗಲ, ಕಾರ್ಬನ್ ಆಕ್ಸಿಜನ್ ಅನುಪಾತ ಎಷ್ಟು, ರಾಮನ್ ಗ್ರಾಫ್ ಎಲ್ಲಿ ಅಂತ ದುಡ್ಡು ಕಟ್ಟೋ ಮುಂಚೆ ಕೇಳಿ, ಒಂದೇ ಒಂದು ಚೆಂದದ ಫ್ಲೇಕಿನ ಫೋಟೋ ಕಳಿಸಿದ್ರೆ ಒಪ್ಕೋಬೇಡಿ. ಪ್ರಾಜೆಕ್ಟಿಗೆ ಯಾವುದರಿಂದ ಶುರು ಮಾಡಲಿ ಅಂತ ಕೇಳೋ ಹುಡುಗ ಹುಡುಗೀರಿಗೆ, ಮೇಲ್ವಿಚಾರಣೆಗೆ ಅನುಭವಸ್ಥರು, ವಿಷಗಾಳಿ ಎಳೆದು ಆಚೆ ಹಾಕೋ ಫ್ಯೂಮ್ ಹುಡ್, ಇವೆರಡರಲ್ಲಿ ಒಂದು ಇಲ್ಲದಿದ್ರೂ ಹಮ್ಮರ್ಸ್ ಬೇಡ. ಒಳ್ಳೆ ಗ್ರಾಫೈಟ್ ಫಾಯಿಲ್, ಅಮೋನಿಯಂ ಸಲ್ಫೇಟ್, ಒಂದು ಡಿಸಿ ಪವರ್ ಸಪ್ಲೈ ತಗೊಂಡು ಗಾಳಿಯಾಡೋ ಜಾಗದಲ್ಲಿ ಮಾಡಿ, ಬಂದಿದ್ದನ್ನ ಚೆನ್ನಾಗಿ ತೊಳೆದು ಹತ್ತಿರದ ಯೂನಿವರ್ಸಿಟಿಯಲ್ಲಿ ರಾಮನ್ ಮಾಡಿಸಿ, ಒಂದೇ ಜಾಗದಲ್ಲಿ ಅಲ್ಲ, ಸ್ಯಾಂಪಲಿನ ಬೇರೆಬೇರೆ ಕಡೆ, ಮತ್ತೆ ಬಂದ ಗ್ರಾಫ್‌ಗಳನ್ನೆಲ್ಲ ರಿಪೋರ್ಟಲ್ಲಿ ಹಾಕಿ, ಚೆನ್ನಾಗಿ ಬರದೇ ಇರೋದನ್ನೂ.